ಅಂತೆ

‘ಸೊಕ್ಕಿದ್ದವ ಯಾಣಕ್ಕೆ ಹೋಗು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗು’ ಎಂದು ಉತ್ತರ ಕನ್ನಡದ ಕಡೆ ಒಂದು ಗಾದೆಯುಂಟು. ಆ ಜಿಲ್ಲೆಯ ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ನಾನು ಆರು ವರ್ಷ ವಿಜ್ಞಾನದ ಉಪಾಧ್ಯಾಯನಾಗಿದ್ದೆ. ರೊಕ್ಕ ಆಗ ನನ್ನ ಹತ್ತಿರ ಇರಲಿಲ್ಲ. ಇದ್ದ ಸೊಕ್ಕನ್ನೆಲ್ಲ ತರಗತಿಯಲ್ಲೇ ಖರ್ಚು ಮಾಡಿಬಿಡುತ್ತಿದ್ದೆ. ಹೀಗಾಗಿ ಯಾಣವನ್ನು ನೋಡದೆಯೇ ವರ್ಗವಾಗಿ ಮೈಸೂರಿನ ಕಡೆಗೆ ಬಂದೆ. ಕಡೆಗೆ ಹೋದದ್ದು ಕಳೆದ ಕಾರ್ತಿಕದಲ್ಲಿ, ಮೊಮ್ಮಗಳ ಕೈ ಹಿಡಿದುಕೊಂಡು. ಈಗ ಸೊಕ್ಕಿನ ಅಗತ್ಯವಿಲ್ಲ. ಬಂಡೆಯ ಸಮೀಪದವರೆಗೂ ರಸ್ತೆಯಾಗಿದೆ. 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ ಚಿತ್ರ ಬಂದ ಮೇಲಂತೂ ಭಸ್ಮಾಸುರನು ಇಷ್ಟು ಕಾಲ ಕರೆತಂದುದಕ್ಕಿಂತ ಹೆಚ್ಚು ಜನರನ್ನು ಸಿನಿಮಾ ಅಲ್ಲಿಗೆ ಕರೆತಂದಿರಬೇಕೆಂದು ನನ್ನ ಗುಮಾನಿ. ನಾವು ಮಾತ್ರ ಹಟ ಹಿಡಿದು ಕಾಡಿನ ಹಾದಿಯಲ್ಲೇ ನಡೆದೆವು. ದಾರಿ ತೋರಿಸಲು ಆ ಕಡೆಯ ಹಿರಿಯರೊಬ್ಬರು ಜೊತೆಗೆ ಬಂದಿದ್ದರು.

ಆ ಹಾದಿಯಲ್ಲಿ ಬಂಡೆ ದೂರದಿಂದ ಕಾಣುವುದಿಲ್ಲ. ಮರಗಳ ಸಂದಿಯಲ್ಲಿ ನಡೆಯುತ್ತ ನಡೆಯುತ್ತ ಒಂದು ತಿರುವಿನಲ್ಲಿ ಕರಿಯ ಗೋಡೆಯೊಂದು ಥಟ್ಟನೆ ಎದುರು ನಿಲ್ಲುತ್ತದೆ. ಕತ್ತನ್ನು ಹಿಂದಕ್ಕೆ ಬಾಗಿಸಿದಷ್ಟೂ ಅದು ಮೇಲಕ್ಕೆ ಹೋಗುತ್ತದೆ. ಭೈರವೇಶ್ವರ ಶಿಖರ 120 ಮೀಟರು, ಪಕ್ಕದ ಮೋಹಿನಿ ಶಿಖರ 90 ಮೀಟರು ಎಂದು ಲೆಕ್ಕ. ಆದರೆ ಅಲ್ಲಿ ನಿಂತವನಿಗೆ ಮೀಟರು ನೆನಪಾಗುವುದಿಲ್ಲ. ಬಂಡೆಯ ಮೈಯೆಲ್ಲ ಸೀಳು, ಮೊನೆ, ಪೊಟರೆ. ಎತ್ತರದಲ್ಲಿ ಹೆಜ್ಜೇನಿನ ಹುಟ್ಟಿಗಳು ತೂಗುತ್ತಿದ್ದವು. ಬುಡದ ಗವಿಯೊಳಗೆ ಲಿಂಗವಿದೆ. ಮೇಲಿನ ಬಿರುಕಿನಿಂದ ಅದರ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ.

ಹಿರಿಯರು ಕಥೆ ಹೇಳಿದರು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವಂತೆ ವರ ಪಡೆದವನು, ವರ ಕೊಟ್ಟವನ ತಲೆಯನ್ನೇ ಹುಡುಕಿಕೊಂಡು ಹೊರಟದ್ದು, ಶಿವ ಓಡಿದ್ದು, ವಿಷ್ಣು ಮೋಹಿನಿಯಾಗಿ ಬಂದು ಕುಣಿದದ್ದು, ಅವಳಂತೆಯೇ ಕುಣಿಯುತ್ತ ಅಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡದ್ದು. ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಅವರು ಹೇಳಿದ ರೀತಿ ಬೇರೆ. ‘ಇಲ್ಲೇ ನೋಡಿ, ಇದೇ ಜಾಗ. ಈ ಮಣ್ಣು ಕಂಡ್ರಾ ಮಾರಾಯ್ರೆ? ಅವನದೇ ಬೂದಿ’ ಎಂದು ಬಗ್ಗಿ ಒಂದು ಹಿಡಿ ಕರಿಮಣ್ಣನ್ನು ತೆಗೆದು ಮಗುವಿನ ಅಂಗೈಗೆ ಹಾಕಿದರು.

ಮಗು ಮಣ್ಣನ್ನು ನೋಡಿತು, ಬಂಡೆಯನ್ನು ನೋಡಿತು, ಆಮೇಲೆ ನನ್ನನ್ನು ನೋಡಿತು. ‘ತಾತ, ಇದು ನಿಜವಾ?’

‘ಮಾಸ್ತರು ನೀವೇ ಹೇಳಿ’ ಎಂದು ಹಿರಿಯರೂ ನನ್ನ ಕಡೆಗೇ ತಿರುಗಿದರು.

ನನಗೆ ಉತ್ತರ ಗೊತ್ತಿಲ್ಲದೆ ಇರಲಿಲ್ಲ. ಅದು ಸುಣ್ಣದ ಕಲ್ಲು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಲೆಕ್ಕವಿಲ್ಲದಷ್ಟು ವರ್ಷ ಸುರಿದು ಕಲ್ಲಿನ ಸಂದುಗಳನ್ನು ಕರಗಿಸುತ್ತದೆ. ಕರಗದೆ ಉಳಿದದ್ದು ಶಿಖರವಾಗುತ್ತದೆ, ಕರಗಿದ ಜಾಗ ಗವಿಯಾಗುತ್ತದೆ. ಲಿಂಗದ ಮೇಲೆ ಬೀಳುವ ಹನಿಯೂ ಕಲ್ಲನ್ನು ಕೊರೆಯುತ್ತಲೇ ಬಂದ ಹನಿ. ಇಷ್ಟನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಆ ಮುದುಕರ ಎದುರಿನಲ್ಲಿ ಬಾಯಿ ಬರಲಿಲ್ಲ. ‘ಹಾಗಂತೆ ಮಗು’ ಎಂದುಬಿಟ್ಟೆ.

ಆ ‘ಅಂತೆ’ ಬಾಯಿಂದ ಬಿದ್ದದ್ದೇ ತಡ, ಸುಮಾರು ನಲವತ್ತು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಂತಿತು.

ಪರೀಕ್ಷೆಯಲ್ಲಿ ಮಣ್ಣಿನ ಬಣ್ಣದ ಮೇಲೆ ಒಂದು ಪ್ರಶ್ನೆ ಕೊಟ್ಟಿದ್ದೆ. ಘಟ್ಟದ ಬುಡದಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ, ಭಸ್ಮಾಸುರ ಸುಟ್ಟುಹೋದ್ದರಿಂದ ಯಾಣದ ಮಣ್ಣು ಕಪ್ಪಾಯಿತಂತೆ, ಎಂದು ಬರೆದಿದ್ದ. ಸೊನ್ನೆ ಹಾಕಿದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಮರುದಿನ ಅವನ ಉತ್ತರವನ್ನು ತರಗತಿಗೆಲ್ಲ ಓದಿ ಹೇಳಿದೆ. ಓದುವಾಗ ‘ಕಪ್ಪಾಯಿತು’ ಎಂದು ಓದಿದೆ. ಹುಡುಗರು ನಕ್ಕರು. ಅವನು ಎದ್ದು ನಿಂತು, ‘ಅಂತೆ ಅಂತ ಬರೆದಿದ್ದೆ, ಸರ್’ ಎಂದ. ‘ಪರೀಕ್ಷೆಯಲ್ಲಿ ಅಂತೆಗೆ ಅಂಕವಿಲ್ಲಪ್ಪ’ ಎಂದೆ. ನಗು ಇನ್ನೂ ಹೆಚ್ಚಾಯಿತು. ನನ್ನ ಮಾತು ನನಗೇ ಬಹಳ ಚೆನ್ನಾಗಿದೆ ಎನಿಸಿ, ಅಧ್ಯಾಪಕರ ಕೊಠಡಿಯಲ್ಲೂ ಎರಡು ಸಲ ಹೇಳಿಕೊಂಡೆ.

ಈಗ ಯೋಚಿಸಿದರೆ ಆ ತರಗತಿಯಲ್ಲಿ ಸತ್ಯವನ್ನು ಕಾಪಾಡಿದವನು ಅವನು, ಕೆಡಿಸಿದವನು ನಾನು. ತಾನು ಕಾಣದುದನ್ನು ಕಂಡೆನೆಂದು ಅವನು ಬರೆದಿರಲಿಲ್ಲ. ಅವರಜ್ಜಿ ಹೇಳಿದ್ದನ್ನು, ಅಜ್ಜಿ ಹೇಳಿದ್ದು ಎಂಬ ಗುರುತಿನೊಡನೆಯೇ ಒಪ್ಪಿಸಿದ್ದ. ಎರಡು ಅಕ್ಷರದ ಆ ಗುರುತನ್ನು ನಾನು ಅಳಿಸಿ, ಅವನು ಆಡದ ಸುಳ್ಳನ್ನು ಅವನ ಬಾಯಲ್ಲಿ ಆಡಿಸಿದೆ. ಉತ್ತರ ತಪ್ಪೆನ್ನುವುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಅಂಕ ಕೊಡಬೇಕಾಗಿತ್ತೆಂದೂ ಹೇಳುವುದಿಲ್ಲ. ತಪ್ಪು ಉತ್ತರ ಬೇರೆ, ಸುಳ್ಳು ಬೇರೆ.

ನಮ್ಮ ಭಾಷೆಯಲ್ಲಿ ಈ ‘ಅಂತೆ’ ಎಂಬುದೊಂದು ವಿಚಿತ್ರವಾದ ಅನುಕೂಲ. ‘ಮಳೆ ಬಂತು’ ಎಂದರೆ ನಾನು ನೆನೆದಿದ್ದೇನೆ ಅಥವಾ ಕಿಟಕಿಯಿಂದ ನೋಡಿದ್ದೇನೆ. ‘ಮಳೆ ಬಂತಂತೆ’ ಎಂದರೆ ನೆನೆದವನು ಬೇರೆ ಯಾರೋ. ಮಾತಿಗೆ ನಾನು ಬಾಗಿಲು ತೆರೆದಿದ್ದೇನೆ, ಜಾಮೀನು ನಿಂತಿಲ್ಲ. ನಂಬದವನು ಸ್ಥಳಪುರಾಣವನ್ನು ಮಕ್ಕಳಿಗೆ ಹೇಳಬಹುದೇ, ಹೇಳಿದರೆ ಅದು ವಂಚನೆಯಲ್ಲವೇ ಎಂಬ ಪ್ರಶ್ನೆ ನನ್ನನ್ನು ಎಷ್ಟೋ ದಿನ ಕಾಡಿದೆ. ನಮ್ಮ ಅಜ್ಜಿಯರು ಆ ಪ್ರಶ್ನೆಯನ್ನು ವ್ಯಾಕರಣದಲ್ಲೇ ಬಗೆಹರಿಸಿಕೊಂಡಿದ್ದರು. ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ ಎಂದ ಕೂಡಲೇ ಕೇಳುವವರಿಗೂ ಹೇಳುವವರಿಗೂ ಒಪ್ಪಂದವಾಯಿತು.

ಹಾಗಾದರೆ ದಾರಿ ತೋರಿಸಿದ ಹಿರಿಯರು? ಅವರು ‘ಅಂತೆ’ ಎನ್ನಲಿಲ್ಲವಲ್ಲ? ಎನ್ನಲಿಲ್ಲ, ಏಕೆಂದರೆ ಅವರು ನಂಬಿದ್ದರು. ನಂಬಿದವನು ನಂಬಿದ್ದನ್ನು ಹೇಳಿದರೆ ಅವನು ತಪ್ಪಬಹುದು, ಸುಳ್ಳನಾಗುವುದಿಲ್ಲ. ಆ ಕಡೆಯವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನ ವೇಷ ಹಾಕಿ ರಂಗಕ್ಕೆ ಬಂದರೆ ಅಲ್ಲಿಯೂ ‘ಅಂತೆ’ ಇರುತ್ತಿರಲಿಲ್ಲ. ಕುಣಿದು ಕುಣಿದು ಅವರು ತಲೆಯ ಮೇಲೆ ಕೈಯಿಡುವ ಗಳಿಗೆಯಲ್ಲಿ, ಕೊನೆ ಗೊತ್ತಿದ್ದವರೂ ಉಸಿರು ಹಿಡಿದು ಕೂತಿರುತ್ತಿದ್ದರು. ಅವರು 2017ರಲ್ಲಿ ತೀರಿಕೊಂಡರು. ಆ ವೇಷವನ್ನು ನೋಡಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ವೇಷವೆಂದು ಎಲ್ಲರಿಗೂ ಗೊತ್ತು; ಕಿರೀಟ, ಬಣ್ಣ, ಚೆಂಡೆ ಇವೇ ಅಲ್ಲಿ ‘ಅಂತೆ’ಯ ಕೆಲಸ ಮಾಡುತ್ತವೆ. ನಂಬಿಕೆಯೂ ಇಲ್ಲದೆ ವೇಷವೂ ಇಲ್ಲದೆ, ಬರಿಯ ಮುಖದಲ್ಲಿ ‘ಹೌದು’ ಎನ್ನುವವನ ಸಂಗತಿ ಬೇರೆ. ಕಥೆಯಿಂದ ಕಾಡು ಉಳಿಯುತ್ತದೆ, ಜನ ಬರುತ್ತಾರೆ, ಆದ್ದರಿಂದ ಹೌದೆನ್ನೋಣ ಎಂದು ಲೆಕ್ಕ ಹಾಕುವವರುಂಟು. ಅವರ ಲೆಕ್ಕ ಸರಿಯಿರಬಹುದು. ಆದರೆ ಅಂಥವರು ಮಗುವಿನ ಕಣ್ಣನ್ನು ನೋಡಿ ಅದನ್ನು ಹೇಳಲಾರರು.

ಇಷ್ಟು ದೂರ ಬಂದ ಮೇಲೆ ನನ್ನ ವಾದಕ್ಕೆ ನಾನೇ ಒಂದು ಅಡ್ಡಗಾಲು ಹಾಕಬೇಕಾಗಿದೆ. ‘ಅಂತೆ’ ಅಷ್ಟೊಂದು ಸಾಧುವಾದ ಪ್ರಾಣಿಯಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಮೇಲೆ, ಪ್ರವಾಸದ ಹಣವನ್ನು ತಿಂದರಂತೆ ಎಂಬ ಮಾತು ಹುಟ್ಟಿತು. ತಿಂದರು ಎಂದು ಯಾರೂ ಹೇಳಲಿಲ್ಲ. ಎಲ್ಲರೂ ‘ಅಂತೆ’ಯನ್ನು ಜೋಪಾನವಾಗಿ ಸೇರಿಸಿಯೇ ಹೇಳಿದರು. ನಾನೂ ಒಬ್ಬರಿಗೆ ಹೇಳಿದೆ. ಆ ಮನುಷ್ಯ ಒಂದು ವರ್ಷ ಕೊಠಡಿಯ ಮೂಲೆಯಲ್ಲಿ ಒಬ್ಬರೇ ಕೂತು ಬುತ್ತಿ ಉಂಡು, ಕೊನೆಗೆ ದೂರದ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ನಮ್ಮಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ!

ಹಾಗಾದರೆ ಹುಡುಗನ ‘ಅಂತೆ’ಗೂ ನಮ್ಮ ‘ಅಂತೆ’ಗೂ ವ್ಯತ್ಯಾಸವೇನು? ಯಾರು ಹೇಳಿದರು ಎಂದು ಕೇಳಿದ್ದರೆ ಆ ಹುಡುಗ ನಮ್ಮಜ್ಜಿ ಎನ್ನುತ್ತಿದ್ದ. ಅಜ್ಜಿಯ ಹಿಂದೆ ಇಡೀ ಸೀಮೆಯೇ ಸಾಕ್ಷಿಗೆ ಬರುತ್ತಿತ್ತು. ನಮ್ಮನ್ನು ಕೇಳಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವನ ‘ಅಂತೆ’ ಮಾತು ಬಂದ ದಾರಿಯನ್ನು ತೋರಿಸುತ್ತಿತ್ತು, ನಮ್ಮದು ಆ ದಾರಿಯನ್ನು ಮುಚ್ಚುತ್ತಿತ್ತು. ಭಸ್ಮಾಸುರನ ಕಥೆ ಸುಳ್ಳಾದರೆ ಭಸ್ಮಾಸುರನಿಗೇನೂ ನಷ್ಟವಿಲ್ಲ ಎನ್ನುವುದೂ ಒಂದು ಮಾತು.

ಯಾಣಕ್ಕೆ ಹೋಗುವ ಹಿಂದಿನ ದಿನ ನಾವು ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿದ್ದೆವು. ಅಘನಾಶಿನಿ ಅಲ್ಲಿ 116 ಮೀಟರು ಕೆಳಗೆ ಧುಮುಕುತ್ತಾಳೆ. ಎದುರಿನ ಅಂಚಿನಲ್ಲಿ ನಿಂತರೆ ಬಿಳಿಯ ನೀರು, ಹಸುರು ಕಮರಿ, ಆಚೆ ಕಾಡಿನೊಳಗೆ ತಪ್ಪಿಸಿಕೊಂಡು ಹೋಗುವ ಹೊಳೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ತಲೆ ಕೊಡದೆ ಕಡಲು ಸೇರುವ ಹೊಳೆ ಅದು. ಈ ಜಲಪಾತವನ್ನು 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರು ಕಂಡುಹಿಡಿದರು ಎಂದು ಪುಸ್ತಕಗಳಲ್ಲಿದೆ. ಅವರ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ. ಅಲ್ಲಿಯವರು ಅದಕ್ಕೆ ಕೆಪ್ಪಜೋಗ ಎನ್ನುತ್ತಾರೆ, ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಎಂದು. ಕಿವಿ ಕೆಪ್ಪಾದವರು ಇದ್ದ ಮೇಲೆ, ಕಲೆಕ್ಟರು ಕಂಡುಹಿಡಿದದ್ದು ಏನನ್ನು? ಇಲ್ಲಿ ‘ಅಂತೆ’ ಬೇಕಾಗಿತ್ತು, ಯಾರೂ ಹಾಕಲಿಲ್ಲ. ನಾನೂ ಮೂವತ್ತು ವರ್ಷ ಪಾಠ ಹೇಳಿದವನು. ಸುಣ್ಣದ ಕಲ್ಲು ಕರಗುತ್ತದೆ ಎಂದು ಎಷ್ಟು ತರಗತಿಗಳಿಗೆ ಹೇಳಿದೆನೋ, ಒಂದು ದಿನವೂ ಕರಗಿಸಿ ನೋಡಿರಲಿಲ್ಲ. ವಿಜ್ಞಾನದ ಮಾತಿಗೆ ‘ಅಂತೆ’ಯನ್ನು ಬಿಡುವ ಹಕ್ಕು ಇದೆ, ಏಕೆಂದರೆ ಬೇಕಾದವನು ಪರೀಕ್ಷಿಸಿ ನೋಡಬಹುದು. ಪರೀಕ್ಷಿಸದೆ ಹೇಳಿದ ನನಗೆ ಆ ಹಕ್ಕು ಎಲ್ಲಿಂದ ಬಂತು? ನಾನು ಹೇಳಿದ್ದೂ ಅಜ್ಜಿಕಥೆಯೇ. ಅಜ್ಜಿ ಮಾತ್ರ ಬೇರೆ.

ಯಾಣದಿಂದ ಕುಮಟೆಗೆ ಇಳಿಯುವಾಗ ಮಗು ಫೋನಿನಲ್ಲಿ ತಾಯಿಗೆ ವರದಿ ಒಪ್ಪಿಸಿತು. ದಾರಿಯಲ್ಲಿ ನಾನು ತಡೆಯಲಾರದೆ ಸುಣ್ಣದ ಕಲ್ಲಿನ ಸಂಗತಿಯನ್ನೂ ಹೇಳಿಬಿಟ್ಟಿದ್ದೆ. ‘ಅಮ್ಮ, ಅಲ್ಲಿ ಭಸ್ಮಾಸುರ ಸುಟ್ಟುಹೋದನಂತೆ. ಆಮೇಲೆ ಮಳೆ ಬಂದು ಕಲ್ಲನ್ನೆಲ್ಲ ಕರಗಿಸಿತಂತೆ.’ ಎರಡನೆಯ ‘ಅಂತೆ’ ಕೇಳಿ ನನಗೆ ಮೈ ಉರಿಯಿತು. ತಿದ್ದಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ.

ಅಘನಾಶಿನಿಯ ಅಳಿವೆಯ ದಂಡೆಯಲ್ಲಿ ಅವಳು ಒಂದು ಜೇಬು ತುಂಬ ಚಿಪ್ಪು ಆರಿಸಿಕೊಂಡಳು. ಮನೆಗೆ ಬಂದ ಮೇಲೆ ಒಂದು ಚಿಪ್ಪನ್ನು ಗಾಜಿನ ಲೋಟಕ್ಕೆ ಹಾಕಿ, ಅಡಿಗೆಮನೆಯ ವಿನೆಗರನ್ನು ಅವಳ ಕೈಯಿಂದಲೇ ಸುರಿಸಿದೆ. ಚಿಪ್ಪಿನಲ್ಲಿರುವುದೂ ಅದೇ ಸುಣ್ಣ. ಸಣ್ಣ ಸಣ್ಣ ಗುಳ್ಳೆಗಳು ಮೇಲೇಳತೊಡಗಿದವು. ಲೋಟಕ್ಕೆ ಮೂಗು ತಾಗಿಸಿಕೊಂಡು ಅವಳು ಬಹಳ ಹೊತ್ತು ನೋಡಿದಳು. ಅವಳಿಗಿಂತ ನಾನೇ ಹೆಚ್ಚು ಹೊತ್ತು ನೋಡಿದೆನೆಂದು ಕಾಣುತ್ತದೆ. ಆ ಹುಡುಗ ಎಲ್ಲಿದ್ದಾನೋ, ಅವನಿಗೂ ಈಗ ಮೊಮ್ಮಕ್ಕಳಿರಬಹುದು.

‘ಕರಗುತ್ತಾ ಇದೆ, ತಾತ’ ಎಂದಳು. ಸ್ವಲ್ಪ ತಡೆದು, ‘ಭಸ್ಮಾಸುರನದನ್ನು ಹೇಗೆ ನೋಡುವುದು?’ ಎಂದು ಕೇಳಿದಳು.

‘ಅದಕ್ಕೆ ಆಟಕ್ಕೆ ಹೋಗಬೇಕು. ರಾತ್ರಿ ನಿದ್ದೆ ಕೆಡಬೇಕು’ ಎಂದೆ.