ನೋಡಲು ಹೋದವರು

ಬಾಡಿಗೆ ಟೆಂಪೋ ಮಾಡಿಕೊಂಡು ಹೊರಟ ಪ್ರವಾಸದಲ್ಲಿ ಮೈಸೂರಿಗೆ ಸಿಗುವುದು ಒಂದೇ ದಿನ. ತೋಡೂರಿನಿಂದ ಹೊನ್ನಾವರ, ಸಾಗರ, ಶಿವಮೊಗ್ಗ ಎಂದು ರಾತ್ರಿಯೆಲ್ಲ ಕುಲುಕಿಸಿಕೊಂಡು ಹೋದ ನಮ್ಮ ಹೆಂಗಸರ ಗುಂಪಿಗೂ ಸಿಕ್ಕಿದ್ದು ಅಷ್ಟೇ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಮೃಗಾಲಯ, ಚಪ್ಪಲಿ ಹೊರಗೆ ಬಿಟ್ಟು ಅರಮನೆ, ನಡುವೆ ಸೀರೆ ಅಂಗಡಿ (ಅಲ್ಲಿ ಮಾತ್ರ ಯಾರೂ ಅವಸರ ಮಾಡಲಿಲ್ಲ), ಸಂಜೆಗೆ ಬೃಂದಾವನ.

ಇದೆಂಥ ನೋಡುವುದು ಎಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಕಡೆಯವಳಲ್ಲ. ವರ್ಷವಿಡೀ ಒಲೆ, ನೀರು, ಮಕ್ಕಳು ಎಂದು ಇದ್ದವಳು ಒಂದು ದಿನ ಕಣ್ಣು ತುಂಬ ನೋಡಿದರೆ ಅದಕ್ಕೆ ಲೆಕ್ಕ ಕೇಳಬಾರದು. 1897ರಲ್ಲಿ ಮರದ ಅರಮನೆ ಸುಟ್ಟಮೇಲೆ ಕಟ್ಟಿಸಿ, 1912ರಲ್ಲಿ ಮುಗಿದದ್ದು ಈಗಿನ ಅರಮನೆ. ಅದರ ಕಲ್ಯಾಣ ಮಂಟಪದಲ್ಲಿ ಬಣ್ಣದ ಗಾಜಿನ ನವಿಲುಗಳನ್ನು ಕತ್ತೆತ್ತಿ ನೋಡುವಾಗ ಅದಕ್ಕೆ ಯಾರ ದುಡ್ಡು, ಯಾರ ಬೆವರು ಎಂದು ಯೋಚಿಸಲೇಬೇಕೇ? ನನಗೆ ಹಾಗೆ ಅನಿಸಿರಲಿಲ್ಲ.

ಗುಂಪಿನಲ್ಲಿ ತೋಡೂರಿನ ನಿರಾಶ್ರಿತರ ಕಾಲೊನಿಯ ಹಿರಿಯ ಹೆಂಗಸೊಬ್ಬರಿದ್ದರು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಡಲ ದಂಡೆಯ ಊರು ಬಿಟ್ಟು ಬಂದವರು. ಬೃಂದಾವನದ ಕಾರಂಜಿ ಕುಣಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ. ಆಟ ಮುಗಿದ ಮೇಲೆ ಅಣೆಕಟ್ಟೆಯತ್ತ ನೋಡಿ ಕೇಳಿದರು: "ಇಷ್ಟು ನೀರು ನಿಲ್ಲಬೇಕಾದ್ರೆ ಒಳಗೆ ಊರಿದ್ದಿರಬೇಕಲ್ಲ ತಂಗಿ. ಅಲ್ಲಿದ್ದವ್ರು ಎಲ್ಲಿಗೆ ಹೋದ್ರು?"

ಊರಿತ್ತು. ಕನ್ನಂಬಾಡಿ. 1911ರಲ್ಲಿ ಶುರುವಾದ ಕಟ್ಟೆ ಏಳುತ್ತಿದ್ದಂತೆ ಅದು ನೀರಿನಡಿ ಹೋಯಿತು. ಜನ ಹೊಸ ಕನ್ನಂಬಾಡಿ ಕಟ್ಟಿಕೊಂಡರು. ಮುಳುಗಿದ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರು ಇಳಿದ ಬೇಸಿಗೆಗಳಲ್ಲಿ ತಲೆಯೆತ್ತುತ್ತಿತ್ತಂತೆ. ಬಹಳ ಕಾಲದ ಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ಮೇಲೆ ತಂದು ಮತ್ತೆ ಕಟ್ಟಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರನ್ನಾದ್ರೂ ತಗೊಂಡು ಹೋದ್ರಲ್ಲ. ನಮ್ಮನ್ನ ಕಾಲೊನಿಯವ್ರು ಅಂತಾರೆ," ಎಂದರು.

ಆ ನೀರಿನಿಂದ ಮಂಡ್ಯದ ಗದ್ದೆಗಳು ಹಸಿರಾದವು, ಎರಡು ದೊಡ್ಡ ನಗರಗಳು ನೀರು ಕುಡಿಯುತ್ತಿವೆ. ನೌಕಾನೆಲೆ ದೇಶಕ್ಕೆ ಬೇಡವಾಗಿತ್ತೆಂದು ಆ ಹಿರಿಯರೂ ಹೇಳುವುದಿಲ್ಲ. ಹಲವರ ಒಳಿತಿಗೆ ಕೆಲವರು ಬಿಟ್ಟುಕೊಡಬೇಕೆಂಬ ಮಾತು ಸುಳ್ಳಲ್ಲ. ಆದರೆ ಅದನ್ನು ಯಾವಾಗಲೂ ಹೇಳುವವರು ಆ ಹಲವರು, ಕೆಲವರಲ್ಲ. ಪರಿಹಾರದ ಹಣ ಎಷ್ಟೇ ಬರಲಿ, ನಿಮ್ಮ ಊರು ಯಾವುದೆಂದು ಕೇಳಿದಾಗ ಬಾಯಿಗೆ ಬರುವ ಹೆಸರಿಗೆ ಯಾವ ಕಚೇರಿಯೂ ಬೆಲೆ ಕಟ್ಟಿಲ್ಲ. ಹಾಗೆಂದು ಕಾರಂಜಿಯ ಎದುರು ಮುಖ ಸಪ್ಪೆ ಮಾಡಿಕೊಂಡರೆ ಕನ್ನಂಬಾಡಿಯವರಿಗೇನು ಸಿಕ್ಕೀತು? ಚಪ್ಪಾಳೆಯನ್ನೂ ಪ್ರಶ್ನೆಯನ್ನೂ ಒಂದೇ ಸಂಜೆಯಲ್ಲಿ ಇಟ್ಟುಕೊಳ್ಳುವುದು ಅವರಿಗೆ ಕಷ್ಟವಾಗಲಿಲ್ಲ. ನಮಗೆ ಚಪ್ಪಾಳೆ ಮಾತ್ರ ಗೊತ್ತಿತ್ತು.

ನಮ್ಮ ಕಡೆಗೂ ಟೆಂಪೋಗಳು ಬರುತ್ತವೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಸಂಗ್ರಹಾಲಯವಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಕೋಲೆಯ ಕಡೆಯಿಂದ ಬರುವವರು ಹೆದ್ದಾರಿಯಲ್ಲಿ ನೌಕಾನೆಲೆಯ ಉದ್ದನೆಯ ಗೋಡೆಯನ್ನು ದಾಟಿಯೇ ಅಲ್ಲಿಗೆ ಹೋಗಬೇಕು. ಒಳಗೆ ಹಡಗು ಕಾಣುತ್ತದೆಯೇ ಎಂದು ಅವರು ಕಿಟಕಿಯಿಂದ ಕತ್ತು ಚಾಚುವುದನ್ನು ನಾನು ನೋಡಿದ್ದೇನೆ.