ಸಂಖ್ಯಾತವೂ ಮಿತಿಯೂ

ಎರಡನ್ನು 96 ಬಾರಿ ಇಟ್ಟು ಪರಸ್ಪರ ಗುಣಿಸಿದರೆ 79228162514264337593543950336 ಎಂಬ 29 ಅಂಕಗಳ ರಾಶಿ ದೊರೆಯುತ್ತದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ಶ್ರೀ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಇಷ್ಟೆಂದು ನಿರೂಪಿಸಿದ್ದಾರೆ. ಇದು 4294967296ರ ಘನ, ವರ್ಗರಾಶಿಯೂ ಹೌದು. ಇದರ ಅರ್ಧಚ್ಛೇದ 96, ಅಂದರೆ ಅರ್ಧಿಸುತ್ತ ಹೋದರೆ 96ನೆಯ ಬಾರಿಗೆ ಒಂದು ಉಳಿಯುತ್ತದೆ. ಇಷ್ಟು ದೊಡ್ಡದಾದರೂ ಇದು ಸಂಖ್ಯಾತವೇ. ಅಸಂಖ್ಯಾತದ ಹೊಸ್ತಿಲನ್ನೂ ಮುಟ್ಟಿಲ್ಲ, ಅನಂತದ ಮಾತು ದೂರ.

ಒಬ್ಬ ಶ್ರಾವಕನು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ, ಇಷ್ಟು ರೂಪಾಯಿಗಳೇ ತನ್ನ ಮಿತಿಯೆಂದು ಬರೆದಿಟ್ಟನೆನ್ನೋಣ. ಮಿತಿ ಸಂಖ್ಯಾತವಾದುದರಿಂದ ಗಣಿತಕ್ಕೆ ಆಕ್ಷೇಪವಿಲ್ಲ. ಆದರೆ ವ್ರತವಾಯಿತೇ? ಆಗಲಿಲ್ಲ. ಎಂದೂ ತಲುಪಲಾರದ ಎಲ್ಲೆಯು ಒಂದು ಕಾಸನ್ನೂ ತಡೆಯದು. (ಇರುವ ಆಸ್ತಿಯ ಹತ್ತು ಪಟ್ಟನ್ನು ಮಿತಿಯೆಂದು ಬರೆಯುವವರ ಲೆಕ್ಕವೂ ಇದೇ ಜಾತಿಯದು.) ಮುಂದೆ ತಗ್ಗಿಸುತ್ತೇನೆಂದು ಅವನು ಹೇಳಬಹುದು. ವರ್ಷಕ್ಕೊಮ್ಮೆ ಅರ್ಧಿಸುತ್ತ ಬಂದರೂ ಆ ರಾಶಿಯು ಕೋಟಿಯೊಳಗೆ ಇಳಿಯಲು 73 ವರ್ಷ ಬೇಕು. ಅಷ್ಟರಲ್ಲಿ ಆಯುಷ್ಯವೇ ತೀರಿರುತ್ತದೆ.