ದುಬಾರಿ ವೈನ್: ಹಣ ಸಲ್ಲುವುದು ಯಾವುದಕ್ಕೆ?

ವೈನಿನ ಬೆಲೆಗೆ ತಕ್ಕ ಕಾರಣಗಳೇ ಇಲ್ಲವೆಂದು ಯಾರೂ ಹೇಳಲಾರರು. ಒಳ್ಳೆಯ ವೈನ್ ಮಾಡುವವರು ಹಣ್ಣಿನ ಸತ್ವ ಹೆಚ್ಚಲೆಂದು ಬಳ್ಳಿಯ ಗೊನೆಗಳನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ, ಕೈಯಿಂದಲೇ ಬಿಡಿಸುತ್ತಾರೆ, ಹೊಸ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಫ್ರಾನ್ಸಿನ ಬೋರ್ಡೋ ಪ್ರಾಂತದ 225 ಲೀಟರಿನ ಅಂಥ ಒಂದು ಪೀಪಾಯಿಯಿಂದ ಸಿಗುವುದು ಸುಮಾರು 300 ಬಾಟಲಿ. ಅದೇ ಪ್ರಾಂತದ ಶಾತೋ ಡಿಕೆಮ್ ತೋಟದಲ್ಲಿ ವಿಶಿಷ್ಟ ಬೂಷ್ಟು ಹಿಡಿದು ಸಕ್ಕರೆಗಟ್ಟಿದ ಹಣ್ಣನ್ನಷ್ಟೇ ಆರಿಸಲು ಕೆಲಸಗಾರರು ಒಂದೇ ಸಾಲನ್ನು ಮತ್ತೆ ಮತ್ತೆ ಸುತ್ತುತ್ತಾರೆ. ಒಂದು ಬಳ್ಳಿಗೆ ಒಂದು ಗ್ಲಾಸು ವೈನ್ ಎಂಬುದು ಅಲ್ಲಿನ ಲೆಕ್ಕ. ಈ ದುಡಿಮೆಗೆ ಹಣ ಕೊಡುವುದು ನ್ಯಾಯ. ಆದರೆ ದುಡಿಮೆಯ ಲೆಕ್ಕ ಒಂದು ಹಂತದಲ್ಲಿ ಮುಗಿಯುತ್ತದೆ, ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಫ್ರಾನ್ಸಿನದೇ ಬರ್ಗಂಡಿಯ ರೊಮಾನೆ-ಕಾಂಟಿ ತೋಟದ 1945ರ ಒಂದು ಬಾಟಲಿ 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ತೋಟದ ವಿಸ್ತೀರ್ಣ ಎರಡು ಹೆಕ್ಟೇರಿಗೂ ಕಡಿಮೆ. 1945ರಲ್ಲಿ ತಯಾರಾದದ್ದು ಸುಮಾರು 600 ಬಾಟಲಿ. ಆ ಸುಗ್ಗಿಯ ನಂತರ ಹಳೆಯ ಬಳ್ಳಿಗಳನ್ನು ಕಿತ್ತುಹಾಕಿದರು. ಬೆಲೆಯನ್ನು ಅಷ್ಟೆತ್ತರಕ್ಕೆ ಒಯ್ದದ್ದು ವಿರಳತೆ. ವಿರಳವಾದದ್ದೆಲ್ಲ ಅಷ್ಟೇ ರುಚಿಯಾಗಿರಬೇಕೆಂಬ ನಿಯಮವೇನೂ ಇಲ್ಲ.

ಆದರೂ ಕೊಳ್ಳುವವನು ಬೆಲೆಯನ್ನು ರುಚಿಯ ಸಾಕ್ಷಿಯೆಂದೇ ನಂಬುತ್ತಾನೆ. ಈ ಸಾಕ್ಷಿ ಎಷ್ಟು ನಂಬಲರ್ಹ ಎಂಬುದನ್ನು ಹೆಸರು, ಬೆಲೆ ಮರೆಮಾಡಿ ನಡೆಸುವ ರುಚಿಪರೀಕ್ಷೆಗಳು ತೋರಿಸಿವೆ. 1976ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಪರೀಕ್ಷೆಯಲ್ಲಿ ಫ್ರಾನ್ಸಿನದೇ ತೀರ್ಪುಗಾರರು, ತಮಗೆ ಗೊತ್ತಿಲ್ಲದಂತೆ, ಬೋರ್ಡೋದ ಹೆಸರಾಂತ ಮೂತೋನ್ ರಾಥ್‌ಶೀಲ್ಡ್, ಓ-ಬ್ರಿಯೋಗಳನ್ನು ಬದಿಗಿಟ್ಟು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್‌ಗೆ ಮೊದಲ ಸ್ಥಾನ ಕೊಟ್ಟರು. ಬಿಳಿ ವೈನಿನಲ್ಲೂ ಗೆದ್ದದ್ದು ಕ್ಯಾಲಿಫೋರ್ನಿಯಾವೇ. ಅದು ಒಂದು ದಿನದ ಮಾತು ಎನ್ನಬಹುದು. ಆದರೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಥ ಆರು ಸಾವಿರಕ್ಕೂ ಹೆಚ್ಚು ರುಚಿನೋಟಗಳನ್ನು ಒಟ್ಟುಗೂಡಿಸಿ ನೋಡಿತು. ಬೆಲೆ ಗೊತ್ತಿಲ್ಲದಾಗ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚು ಮೆಚ್ಚುವುದಿಲ್ಲ, ಒಂದಿಷ್ಟು ಕಡಿಮೆಯೇ ಮೆಚ್ಚುತ್ತಾರೆ ಎಂದು ಅದು ಕಂಡುಕೊಂಡಿತು.

ಪಳಗಿದ ನಾಲಿಗೆಯ ಮಾತೇ ಬೇರೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಅದರಲ್ಲಿ ಸತ್ಯವೂ ಇದೆ. ತರಬೇತಿ ಪಡೆದವರಲ್ಲಿ ಬೆಲೆಗೂ ಮೆಚ್ಚುಗೆಗೂ ಒಂದಿಷ್ಟು ನಂಟು ಇರುವಂತಿದೆ ಎಂದು ಅದೇ ಅಧ್ಯಯನ ಹೇಳುತ್ತದೆ. ಸಂಗೀತ ಕಲಿತ ಕಿವಿಗೆ ಶ್ರುತಿಯ ಸೂಕ್ಷ್ಮ ಕೇಳಿಸುವ ಹಾಗೆ ಅಭ್ಯಾಸ ನಾಲಿಗೆಗೂ ಕಲಿಸುತ್ತದೆ. ಹಾಗಾದರೆ ದುಬಾರಿ ವೈನ್ ಸಾರ್ಥಕವಾಗುವುದು ಆ ಅಭ್ಯಾಸ ಮಾಡಿಕೊಂಡವರಿಗೆ. ಬರೀ ಹಣವಿರುವವನಿಗೆ ಅದು ಒಲಿಯಲಾರದು. ಆ ಅಭ್ಯಾಸಕ್ಕೂ ಮಿತಿಯಿದೆ. ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ತಯಾರಿಕೆ ಓದುತ್ತಿದ್ದವರೇ ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದ ಬಣ್ಣಿಸಿದರು. ಕಣ್ಣು ಕಂಡದ್ದನ್ನೇ ಮೂಗೂ ಒಪ್ಪಿಕೊಂಡಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 2008ರಲ್ಲೇ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ ಕಡಿಮೆ ಬೆಲೆ ಹೇಳಿ, ಇನ್ನೊಮ್ಮೆ ಹೆಚ್ಚು ಬೆಲೆ ಹೇಳಿ ಕುಡಿಸಿ ಮಿದುಳಿನ ಚಿತ್ರ ತೆಗೆದರು. ಬೆಲೆ ಹೆಚ್ಚೆಂದಾಗ ಜನ ಹೆಚ್ಚು ಮೆಚ್ಚಿದ್ದಷ್ಟೇ ಅಲ್ಲ, ಹಿತಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ ಚಟುವಟಿಕೆಯೂ ಹೆಚ್ಚಿತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೇ ಸುಖಪಟ್ಟರು. ಸುಖ ನಿಜವಾದ ಮೇಲೆ ಅದಕ್ಕೆ ಕೊಟ್ಟ ಹಣ ದಂಡವಾಯಿತು ಎನ್ನುವುದು ಹೇಗೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಸುಖ ನಿಂತಿರುವ ನೆಲವನ್ನು ನೋಡಬೇಕು. ವೈನ್ ಚೆನ್ನಾಗಿರುವುದರಿಂದ ಅದಕ್ಕೆ ಈ ಬೆಲೆ ಬಂದಿದೆ ಎಂದು ಕುಡಿಯುವವನು ನಂಬಿದ್ದಾನೆ. ನಡೆದಿರುವುದು ಮಾತ್ರ ತಿರುವುಮುರುವು, ಬೆಲೆಯಿಂದಾಗಿ ವೈನ್ ಚೆನ್ನಾಗಿ ತೋರುತ್ತಿದೆ. ಇದು ಅವನಿಗೆ ತಿಳಿದ ದಿನ ಆ ಸುಖ ಹಾಗೆಯೇ ಉಳಿಯುವುದು ಕಷ್ಟ. ನ್ಯೂಯಾರ್ಕಿನ ನ್ಯಾಯಾಲಯ 2013ರಲ್ಲಿ ಅಪರಾಧಿಯೆಂದು ತೀರ್ಮಾನಿಸಿದ ರೂಡಿ ಕುರ್ನಿಯಾವನ್, ಸಾಧಾರಣ ವೈನ್‌ಗಳನ್ನು ಮನೆಯಲ್ಲೇ ಬೆರೆಸಿ ಹಳೆಯ ಬರ್ಗಂಡಿಯ ಲೇಬಲ್ ಅಂಟಿಸಿ ಶ್ರೀಮಂತರಿಗೆ ಮಾರುತ್ತಿದ್ದ. ಮೋಸ ಗೊತ್ತಾಗುವ ಮುಂಚೆ ಅಂಥ ಬಾಟಲಿಗಳನ್ನು ಸವಿದು ಹೊಗಳಿದವರು ಇದ್ದರು. ಸುಖವೊಂದೇ ಲೆಕ್ಕವಾಗಿದ್ದರೆ ಅವರಿಗೆ ನಷ್ಟವೇ ಆಗಿರಲಿಲ್ಲ ಎನ್ನಬೇಕಾಗುತ್ತದೆ. ಹಾಗೆಂದು ಯಾರೂ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಹಣ ಕೊಡುವಾಗ ನಾವು ಸುಖದ ಜೊತೆಗೆ ಸತ್ಯವನ್ನೂ ಕೇಳುತ್ತಿರುತ್ತೇವೆ.

ಹಾಗಿದ್ದರೆ ಇತಿಹಾಸಕ್ಕೆ, ಒಂದು ನೆಲದ ಹೆಸರಿಗೆ, ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಹಳೆಯ ಬಳ್ಳಿಗಳು ಕೊಟ್ಟ ಕೊನೆಯ ಸುಗ್ಗಿಗೆ ಹಣ ಕೊಡಬಾರದೆ? ಖಂಡಿತ ಕೊಡಬಹುದು. ತಾನು ಕೊಳ್ಳುತ್ತಿರುವುದು ನೆನಪನ್ನು ಎಂದು ತಿಳಿದು ಕೊಂಡವನಿಗೆ ಮೋಸವಾಗಿಲ್ಲ. ಮೋಸವಾಗುವುದು ನೆನಪಿನ ಬೆಲೆಯನ್ನು ರುಚಿಯ ಹೆಸರಿನಲ್ಲಿ ತೆತ್ತಾಗ. ಭಾರತದಲ್ಲಂತೂ ಈ ಗೊಂದಲ ಇನ್ನೂ ಹೆಚ್ಚು. ವಿದೇಶಿ ವೈನಿನ ಮೇಲೆ ಬಹುಕಾಲ 150 ಪ್ರತಿಶತ ಆಮದು ಸುಂಕವಿತ್ತು. 2022ರ ಕೊನೆಗೆ ಜಾರಿಗೆ ಬಂದ ಒಪ್ಪಂದದಿಂದ ಆಸ್ಟ್ರೇಲಿಯಾದ ಕೆಲವು ವೈನ್‌ಗಳಿಗೆ ಅದು ಇಳಿಯತೊಡಗಿತು. ಸುಂಕದ ಮೇಲೆ ರಾಜ್ಯದ ತೆರಿಗೆ, ವ್ಯಾಪಾರಿಯ ಲಾಭ ಬೇರೆ. ಬೆಂಗಳೂರಿನ ಅಂಗಡಿಯಲ್ಲಿ ಐದು ಸಾವಿರ ರೂಪಾಯಿಯ ಚೀಟಿ ಹೊತ್ತು ನಿಂತ ಫ್ರೆಂಚ್ ಬಾಟಲಿ ತನ್ನ ಊರಿನಲ್ಲಿ ಸಾಧಾರಣ ಊಟದ ವೈನೇ ಆಗಿರಬಹುದು.

ಆದ್ದರಿಂದ ನನ್ನ ತೀರ್ಪು ಇಷ್ಟು: ಬಳ್ಳಿ, ಪೀಪಾಯಿ, ಕೈದುಡಿಮೆಯ ಖರ್ಚಿನವರೆಗೆ ವೈನಿನ ಬೆಲೆ ನ್ಯಾಯದ್ದು; ಅದರಾಚೆಗಿನದು ವಿರಳತೆಯ ಬೆಲೆ, ಅದಕ್ಕೆ ರುಚಿಯ ಸಮರ್ಥನೆ ಸಲ್ಲದು. ದುಬಾರಿ ಬಾಟಲಿ ಕೊಳ್ಳುವ ಮನಸ್ಸಿದ್ದವರು ಮೊದಲು ಅದನ್ನೂ ಅಗ್ಗದ್ದೊಂದನ್ನೂ ಲೇಬಲ್ ಮುಚ್ಚಿ ಪಕ್ಕಪಕ್ಕದಲ್ಲಿ ಸವಿದು ನೋಡಲಿ. ವ್ಯತ್ಯಾಸ ತಿಳಿಯದಿದ್ದರೆ ಅಗ್ಗದ್ದನ್ನೇ ಕೊಳ್ಳಲಿ.